ಎತ್ತರ ಬೆಳೆಯಲೆಂದು ನೆಗೆದ ಬೆಳಗ್ಗೆ

ಯುದ್ಧಕ್ಕೆ ಮೊದಲು ಸಾಂತಾ ರೊಸಾಲಿಯಾ ಶಾಲೆಯ ಬೋರ್ಡಿಂಗಿನಲ್ಲಿ ಒಬ್ಬ ಹುಡುಗಿ ತಿಂಗಳಿಡೀ ಉಂಡು, ಮಲಗಿ, ಓದಲು ಹತ್ತು ಪೆಸೊ ಸಾಕಾಗುತ್ತಿತ್ತು. ಈಗ ದ್ವೀಪವನ್ನು ಹಿಡಿದಿದ್ದ ಜಪಾನಿಯರು ಅಚ್ಚು ಹಾಕಿಸಿದ ನೋಟನ್ನು ಕಂತೆಗಟ್ಟಲೆ ಕೊಟ್ಟರೂ ಸಂತೆಯಲ್ಲಿ ಒಂದು ಕೋಳಿ ಸಿಗುತ್ತಿರಲಿಲ್ಲ. ಹಾಗಾಗಿ ಹುಡುಗಿಯರ ಅಪ್ಪಂದಿರು ಫೀಸಿನ ಬದಲು ಗೆಣಸು, ಒಣಮೀನು, ಕೆಲವೊಮ್ಮೆ ಕೋಳಿಯನ್ನೇ ತಂದು ಕೊಡುತ್ತಿದ್ದರು. ಎಲ್ಲರೂ ಮಾದ್ರೆ, ಎಂದರೆ ತಾಯಿ, ಎಂದು ಕರೆಯುತ್ತಿದ್ದ ಮುಖ್ಯಸ್ಥೆ ಸನ್ಯಾಸಿನಿ ಒನೊರಾತಾ ಕೋಳಿಯ ಎದೆ ಒತ್ತಿ ನೋಡಿ, “ಇದೂ ನಮ್ಮ ಜೊತೆ ಉಪವಾಸ ಮಾಡ್ತಾ ಇದೆಯೇನಪ್ಪಾ?” ಎಂದು ನಕ್ಕು ಒಳಗಿಟ್ಟುಕೊಳ್ಳುತ್ತಿದ್ದರು.

ಇಪ್ಪತ್ತೈದು ವರ್ಷಗಳ ಹಿಂದೆ ಅವರೂ ಇನ್ನಿಬ್ಬರು ಸಿಸ್ಟರುಗಳೂ ಪನಾಯ್ ದ್ವೀಪದ ಈ ಊರಿಗೆ ಬಂದಿಳಿದಾಗ ಸಿಕ್ಕಿದ್ದು ಸಕ್ಕರೆ ಮೂಟೆಗಳ ಒಂದು ಹಳೇ ಗೋದಾಮು. ಸೀಮೆಎಣ್ಣೆ ಪೆಟ್ಟಿಗೆಗಳೇ ಬೆಂಚಾದವು. ನೆಲದ ಸಂದಿನಿಂದ ಇರುವೆ ಏಳುತ್ತಿದ್ದುದರಿಂದ ಹುಡುಗಿಯರು ಕಾಲು ಮಡಚಿ ಕೂತು ಬೀಜಗಣಿತ ಕಲಿತರು. ‘ಹೆಣ್ಣುಮಕ್ಕಳಿಗೆ ಹೈಸ್ಕೂಲು ಯಾಕೆ’ ಎಂದವರ ಮನೆಗೇ ಮತ್ತೆ ಮತ್ತೆ ಹೋಗಿ ಮಕ್ಕಳನ್ನು ಕರೆತಂದದ್ದಾಯಿತು. ಜೊತೆಗೆ ಬಂದ ಆ ಇಬ್ಬರೂ ಈಗ ಚಾಪೆಲ್ಲಿನ ಹಿಂದೆ ಮಣ್ಣಾಗಿದ್ದರು. ಶಾಲೆಯಲ್ಲಿ ಉಳಿದವರು ಒನೊರಾತಾ, ಕೆಲವು ಎಳೆಯ ಸಿಸ್ಟರುಗಳು, ಮೂವತ್ತೊಂದು ಹುಡುಗಿಯರು.

ಒನೊರಾತಾರ ಭಯವೆಲ್ಲ ಗಂಟೆಯದಾಗಿತ್ತು. ಒಮ್ಮೆ ಪಕ್ಕದ ಊರಿನ ಚರ್ಚಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಡಿಯಿತು. ಗುಡ್ಡದಲ್ಲಡಗಿದ ಹೋರಾಟಗಾರರಿಗೆ ಅದು ಸನ್ನೆ ಎಂದುಕೊಂಡು ಸೈನಿಕರು ಗಂಟೆ ಬಡಿದವನನ್ನು ಎಳೆದೊಯ್ದರು. ಅವನ ಹೆಂಡತಿ ಈಗಲೂ ದಿನಾ ಬುತ್ತಿ ಹಿಡಿದು ಸೇನಾ ಠಾಣ್ಯದ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬುತ್ತಿಯನ್ನು ಒಳಗೆ ಇಸಿದುಕೊಳ್ಳುತ್ತಿದ್ದರು. ಗಂಡ ಇದ್ದಾನೋ ಇಲ್ಲವೋ ಯಾರೂ ಹೇಳುತ್ತಿರಲಿಲ್ಲ. ಆಮೇಲೆ ಆ ಠಾಣ್ಯದ ಜಪಾನಿ ಕ್ಯಾಪ್ಟನ್ ಶಾಲೆಗೂ ಬಂದು ಹೇಳಿ ಹೋದ: ಇಲ್ಲಿಂದ ಸದ್ದು ಬಂದರೆ ಒಳಗಿರುವವರೆಲ್ಲ ಶತ್ರುಗಳೇ.

ಅಂದೇ ಒನೊರಾತಾ ಗಂಟೆಯ ಹಗ್ಗವನ್ನು ಮೇಲಕ್ಕೆ ಸುತ್ತಿಸಿ ಕಟ್ಟಿಸಿದರು. ಊಟಕ್ಕೂ ಪಾಠಕ್ಕೂ ಶುಭ ಶುಕ್ರವಾರ ಗಂಟೆಯ ಬದಲು ಆಡಿಸುವ ಮರದ ಗಿಲಕಿಯನ್ನೇ ಆಡಿಸಿದರು. ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರ, ಯೇಸು ಎದ್ದುಬಂದರೆಂದು ಗ್ಲೋರಿಯಾ ಎಂಬ ಸ್ತುತಿ ಹಾಡಿ ಗಂಟೆ ಬಡಿಯುವುದು ವಾಡಿಕೆ. ಅಂದು ಬೆಳಗ್ಗೆ ಚಾಪೆಲ್ಲಿನ ಪೂಜೆಗೆ ಮುಂಚೆ ಒನೊರಾತಾ ಮುದಿ ಪಾದ್ರಿ ಅನ್ಸೆಲ್ಮೊರನ್ನು ಪಕ್ಕಕ್ಕೆ ಕರೆದರು.

“ಫಾದರ್, ಗ್ಲೋರಿಯಾ ಹಾಡುವಾಗ ಗಂಟೆ ಬೇಡ. ಹಾಡೂ ಮೆತ್ತಗಿರ್ಲಿ.”

“ಸ್ವಾಮಿ ಎದ್ದು ಬಂದ್ರು ಅಂತ ಕಳ್ಳರ ಥರ ಪಿಸುಗುಟ್ಬೇಕಾ, ಮಾದ್ರೆ?”

“ಅವರು ಎದ್ದಾಗ್ಲೂ ಸಮಾಧಿ ಕಾವಲಿನವ್ರು ಮಲಗಿದ್ರಲ್ಲ ಫಾದರ್. ಇವತ್ತೂ ಎಬ್ಬಿಸೋದು ಬೇಡ.”

ಸಿಸ್ಟರುಗಳಿಗೆ ಹೇಳಿದ್ದಾಯಿತು, ಮೇಣದಬತ್ತಿ ಹಚ್ಚುವವನಿಗೂ ಹೇಳಿದ್ದಾಯಿತು. ಹುಡುಗಿಯರಿಗೆ ಹೇಳಬೇಕೆಂದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಪಾದ್ರಿ ಸಣ್ಣ ದನಿಯಲ್ಲಿ ಗ್ಲೋರಿಯಾ ಎತ್ತಿದರು. ಉಪವಾಸದ ದಿನಗಳಿಗೆಂದು ಮೂರ್ತಿಗಳಿಗೆ ಹೊದಿಸಿದ್ದ ನೇರಳೆ ಬಟ್ಟೆ ಜಾರಿತು. ಅಷ್ಟರಲ್ಲಿ ಹಿಂದಿನಿಂದ ಚಾಪೆಲ್ಲಿನ ಸೂರು ಹಾರಿಹೋಗುವ ಹಾಗೆ ಸದ್ದೆದ್ದಿತು. ಮೂವತ್ತೊಂದು ಹುಡುಗಿಯರೂ ಲಂಗದೊಳಗೆ ಬಚ್ಚಿಟ್ಟಿದ್ದ ತಗಡಿನ ತಟ್ಟೆ ಹೊರಗೆ ತೆಗೆದು, ಚಮಚದಿಂದ ಬಡಿಯುತ್ತ ನೆಗೆಯುತ್ತಿದ್ದರು. ಗ್ಲೋರಿಯಾದ ಹೊತ್ತಿಗೆ ನೆಗೆದರೆ ಆ ವರ್ಷ ಎತ್ತರ ಬೆಳೆಯುತ್ತಾರೆಂದು ಆ ಕಡೆಯ ಮಕ್ಕಳೆಲ್ಲ ನೆಗೆಯುವವರೇ. ಈ ಸಲ ಗಂಟೆಯಿಲ್ಲ, ನಾವೇ ಗಂಟೆಯಾಗೋಣ ಎಂದುಕೊಂಡಿದ್ದರು.

“ನಿಲ್ಸಿ! ನಿಲ್ಸ್ರೇ!” ಎಂದು ಒನೊರಾತಾ ಕೂಗಿದ್ದು ಅವರಿಗೇ ಕೇಳಿಸಲಿಲ್ಲ. ಅಂಗಳದ ಜಲ್ಲಿಯ ಮೇಲೆ ಬೂಟುಗಳು ಓಡಿಬಂದಾಗ ತಟ್ಟೆಗಳು ತಾವಾಗಿ ನಿಂತವು.

ಕ್ಯಾಪ್ಟನ್ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟೇ ಒಳಬಂದ. ಹಿಂದೆ ಬಂದೂಕಿನವರು, ಅವರ ನಡುವೆ ದುಭಾಷಿ ತೆರೊಯ್. ಈ ಕುಳ್ಳ ಯುದ್ಧಕ್ಕೆ ಮೊದಲು ಪೇಟೆಯ ಜಪಾನಿ ಅಂಗಡಿಯಲ್ಲಿ ಕೆಲಸ ಮಾಡಿ ಆ ಭಾಷೆ ಕಲಿತಿದ್ದ.

“ಯಾರನ್ನ ಕರೆದ್ರಿ ಅಂತ ಕೇಳ್ತಾನೆ, ಮಾದ್ರೆ. ಯೋಚ್ನೆ ಮಾಡಿ ಹೇಳಿ, ಬೆಳಗ್ಗೆಯಿಂದ ಕೆಂಡ ಆಗಿದಾನೆ.”

“ಇದ್ದದ್ದೇ ಹೇಳು. ಎತ್ತರ ಬೆಳೀಲಿ ಅಂತ ನೆಗೆದ್ರು.”

“ಅಯ್ಯೋ, ಇದನ್ನ ಹೇಳಿದ್ರೆ ನನ್ನ ತಲೆ ಹೋಗುತ್ತೆ!”

“ನೀನು ಚಿಕ್ಕವನಿದ್ದಾಗ ನೆಗೀಲಿಲ್ವೇನೋ?”

“ನೆಗೆದಿದ್ದೆ. ಏನು ಉಪಯೋಗ ಆಯ್ತು, ನೋಡಿ.”

ತೆರೊಯ್ ತಡವರಿಸುತ್ತ ಹೇಳಿದ. ಕ್ಯಾಪ್ಟನ್ ನಗಲಿಲ್ಲ. ಸಾಲಿನ ತುದಿಯಲ್ಲಿದ್ದ ಎಲ್ಲರಿಗಿಂತ ಗಿಡ್ಡ ಹುಡುಗಿ ಇಸ್ಯಾಂಗಳ ಕಡೆ ಬೆರಳು ಮಾಡಿದ.

“ನಿಜವಾದ್ರೆ ಇವಳು ಮಾಡಿ ತೋರಿಸ್ಲಿ ಅಂತಾನೆ. ಬೇರೆ ಯಾರೂ ಬಾಯಿ ಬಿಡಬಾರ್ದಂತೆ.”

ಇಸ್ಯಾಂಗ್ ತಟ್ಟೆಯನ್ನು ಎದೆಗವಚಿಕೊಂಡು ನಿಂತಳು. ಮಂಡಿ ಬಾಗಲಿಲ್ಲ. ಅವಳ ಕಾಲ ಬುಡದಲ್ಲಿ ನೆಲ ಒದ್ದೆಯಾಯಿತು. ಒಬ್ಬ ಸೈನಿಕ ಬಂದೂಕು ಸಜ್ಜು ಮಾಡಿದ ಸದ್ದಿಗೆ ಯಾವುದೋ ಹುಡುಗಿ ಬಿಕ್ಕಿದಳು. ಠಾಣ್ಯದ ಬಾಗಿಲಲ್ಲಿ ಮೂವತ್ತೊಂದು ತಾಯಂದಿರು ಬುತ್ತಿ ಹಿಡಿದು ನಿಂತದ್ದು ಒನೊರಾತಾರ ಕಣ್ಣಿಗೆ ಕಟ್ಟಿತು. ಮಾತಾಡಿದರೆ ಹೇಳಿಕೊಟ್ಟ ಹಾಗಾಗುತ್ತದೆ. ಸುಮ್ಮನಿದ್ದರೆ ಮಗು ಸೋಲುತ್ತದೆ.

ಅವರು ಹೋಗಿ ಇಸ್ಯಾಂಗಳ ಕೈಯಿಂದ ತಟ್ಟೆ ತೆಗೆದುಕೊಂಡರು. ಬಂದೂಕುಗಳು ಅವರತ್ತ ತಿರುಗಿದವು. ಅರವತ್ತು ದಾಟಿದ, ಮಂಡಿ ಊದಿದ ಆ ದಪ್ಪ ಹೆಂಗಸು ಗೆಣ್ಣಿನಿಂದ ತಟ್ಟೆ ಬಡಿಯುತ್ತ ನೆಗೆದರು. ಒಂದು ಕಾಲು ಎದ್ದಿತು, ಇನ್ನೊಂದು ಏಳಲಿಲ್ಲ. ಮುಸುಕು ಜಾರಿ ಕಣ್ಣಿನ ಮೇಲೆ ಬಿತ್ತು. ಇನ್ನೊಮ್ಮೆ ನೆಗೆದರು. ಅದೂ ಹಾಗೆಯೇ ಆಯಿತು.

“ಹಾಗಲ್ಲ ಮಾದ್ರೆ!” ಇಸ್ಯಾಂಗ್ ಎಲ್ಲವನ್ನೂ ಮರೆತು ಕಿರುಚಿದಳು. “ಎರಡೂ ಕಾಲು ಒಟ್ಟಿಗೆ ಎತ್ಬೇಕು! ಹೀಗೆ!”

ನೆಗೆದಳು. ಒದ್ದೆ ಲಂಗದಲ್ಲೇ ಮತ್ತೆ ಮತ್ತೆ ನೆಗೆದಳು. ಪಕ್ಕದವಳು ಸೇರಿಕೊಂಡಳು, ಆಮೇಲೆ ಇಡೀ ಸಾಲು. ಬಾಗಿಲಲ್ಲಿದ್ದ ಒಬ್ಬ ಸೈನಿಕ ನಕ್ಕುಬಿಟ್ಟು ಕೂಡಲೇ ಬಾಯಿ ಮುಚ್ಚಿಕೊಂಡ. ಕ್ಯಾಪ್ಟನ್ ಬಹಳ ಹೊತ್ತು ನೋಡಿ, ಕತ್ತಿಯಿಂದ ಕೈ ತೆಗೆದು, ಏನೋ ಹೇಳಿ ಹೊರನಡೆದ.

“ಸಂಜೆಯೊಳಗೆ ಎಲ್ಲರೂ ಮನೆಗೆ ಹೋಗ್ಬೇಕಂತೆ. ಕಟ್ಟಡ ಅವರ ಜನಕ್ಕೆ ಬೇಕಂತೆ,” ಎಂದ ತೆರೊಯ್.

“ಯಾರನ್ನೂ ಕರ್ಕೊಂಡು ಹೋಗಲ್ಲ ತಾನೇ? ಇನ್ನೊಂದ್ಸಲ ಕೇಳೋ.”

“ಕೇಳಲ್ಲ ಮಾದ್ರೆ. ಕೇಳಿದ್ರೆ ಮನಸ್ಸು ಬದಲಾಯಿಸ್ತಾನೆ. ಬೇಗ ಹೊರಡಿಸಿ.”

ಒನೊರಾತಾ ಹುಡುಗಿಯರನ್ನು ಎತ್ತಿನ ಗಾಡಿಗಳಲ್ಲಿ, ದೋಣಿಗಳಲ್ಲಿ ಕೂರಿಸಿ ಕಳಿಸಿದರು. ಕೊನೆಯ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವರು ರಸ್ತೆಯಲ್ಲೇ ನಿಂತು ನೋಡಿದರು. ಸೈನಿಕರು ಮರುವರ್ಷ ಊರು ಬಿಡುವಾಗ ಕಟ್ಟಡಕ್ಕೆ ಬೆಂಕಿಯಿಟ್ಟರು. ಇಪ್ಪತ್ತೈದು ವರ್ಷ ನಡೆಸಿದ ಶಾಲೆ ಬೂದಿಯಾಯಿತು. ಮೂವತ್ತೊಂದು ಹುಡುಗಿಯರೂ ಜೀವಂತವಾಗಿ ಮನೆ ಸೇರಿದ್ದರು.