ಕೇಳಿಸದೆ ಹೋದ ಪ್ರಶ್ನೆ

ವಜೀರುನ್ನೀಸಾ ಹನ್ನೊಂದು ವರ್ಷದಿಂದ ಶಿಡ್ಲಘಟ್ಟದ ಚೆನ್ನರಾಯಪ್ಪನವರ ಫಿಲೇಚರಿನಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ರೇಷ್ಮೆಗೂಡಿನಿಂದ ನೂಲು ಬಿಚ್ಚುತ್ತಿದ್ದಳು. ಯಾರಿಗೂ ಎದುರಾಡಿದವಳಲ್ಲ. ತೊಂಬತ್ತೇಳರಲ್ಲಿ ಊರಿನ ಕೇಬಲ್ ಟೀವಿಯವರು ಒಂದು ಸಭೆ ನಡೆಸಿದಾಗ ಮಾತ್ರ, ಜನರಿಗೆಂದು ಕೆಳಗಿಟ್ಟಿದ್ದ ಮೈಕಿನ ಮುಂದೆ ನಿಂತು, ವೇದಿಕೆಯಲ್ಲಿದ್ದ ಯಜಮಾನರನ್ನೇ ಕೇಳಿಬಿಟ್ಟಳು: "ಹೆಂಗಸ್ರ ಕಕ್ಕಸಿಗೆ ದಿನಾ ಬೀಗ ಯಾಕ್ ಹಾಕಿಸ್ತೀರ ಸಾರ್? ನಾವೇನ್ ಮನುಷ್ಯರಲ್ವಾ?"

ಜನ ಚಪ್ಪಾಳೆ ತಟ್ಟಿದರು. ಚೆನ್ನರಾಯಪ್ಪ ನಕ್ಕು, ತಮ್ಮ ಮೈಕಿನಲ್ಲಿ, "ಒಳ್ಳೆ ಮಾತು ಹೇಳ್ದೆ ತಾಯಿ, ಬಹಳ ಸಂತೋಷ" ಎಂದರು.

ಭಾನುವಾರ ಅದು ಟೀವಿಯಲ್ಲಿ ಬಂತು. ಅವಳ ಬಾಯಿ ತೆರೆದು ಮುಚ್ಚುತ್ತಿತ್ತು, ದನಿಯೇ ಇಲ್ಲ. ಆಮೇಲೆ ಚಪ್ಪಾಳೆ. ಅದರ ಹಿಂದೆಯೇ ಯಜಮಾನರ "ಬಹಳ ಸಂತೋಷ", ಗಂಟೆ ಹೊಡೆದಷ್ಟು ಸ್ಪಷ್ಟ.

ಮಾರನೆಯ ದಿನ, ಸಭೆಗೆ ಬಾರದಿದ್ದ ಆಂಜಿನಮ್ಮ ಪಕ್ಕದ ಬೇಸಿನ್‌ನಿಂದ ಚುಚ್ಚಿದಳು. "ಏನಕ್ಕಾ, ಯಜಮಾನ್ರನ್ನ ಅಷ್ಟೊಂದು ಹೊಗಳಿದ್ಯಂತೆ?"

ವಜೀರುನ್ನೀಸಾಳಿಗೆ ಮೈಯೆಲ್ಲ ಉರಿದುಹೋಯಿತು. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಲಿಲ್ಲ. ನೆಟ್ಟಗೆ ಕೇಬಲ್ ಆಫೀಸಿಗೆ ನಡೆದಳು.

"ನನ್ ಮಾತು ಯಾರು ಕಿತ್ತಾಕಿದ್ದು?"

ಮಾಲೀಕ ನಲ್ಲಪ್ಪ ತಲೆಯೆತ್ತಲಿಲ್ಲ. "ಮಿಷನ್ ತೊಂದರೆ ಕಣಮ್ಮ."

"ಅವರ ಮಾತಿಗಿಲ್ಲದ ತೊಂದರೆ ನನ್ ಮಾತಿಗೇ ಬಂತಾ?"

ಮಿಷನ್ ನೋಡಿಕೊಳ್ಳುವ ಖಲೀಮುಲ್ಲಾ ಮೆಲ್ಲಗೆ ಎದ್ದು, "ಆಪಾ, ಇಲ್ಲಿ ಬನ್ನಿ" ಎಂದು ಕ್ಯಾಸೆಟ್ ಹಾಕಿ, ಹೆಡ್‌ಫೋನ್ ಕೊಟ್ಟ. ಅವಳದೇ ದನಿ, ಪೂರಾ ಇತ್ತು. ಅವಳ ಸಿಟ್ಟು ಇನ್ನಷ್ಟು ಏರಿತು.

"ಇದೆಯಲ್ಲ! ಮತ್ತೆ ಟೀವಿಯಲ್ಲಿ ಎಲ್ಲಿ ಹೋಯ್ತು?"

"ರೆಕಾರ್ಡ್ ಆಗೋದು ಎಡ, ಬಲ ಅಂತ ಎರಡು ದಾರೀಲಿ, ಆಪಾ. ಹೆಡ್‌ಫೋನಲ್ಲಿ ಒಂದೊಂದು ಕಿವಿಗೆ ಒಂದೊಂದು. ಊರಿಗೆ ಕಳಿಸೋದು ಎರಡನ್ನೂ ಸೇರಿಸಿ ಒಂದೇ ದಾರೀಲಿ. ಕೆಳಗಿನ ಮೈಕಿನ ವಯರು ರಿಪೇರಿ ಮಾಡ್ವಾಗ ಬಲಗಡೇದು ಉಲ್ಟಾ ಬೆಸುಗೆ ಹಾಕ್ಬಿಟ್ಟಿದ್ದೆ. ಸೇರಿಸಿದಾಗ ಒಂದು ತಳ್ತು, ಇನ್ನೊಂದು ಎಳೀತು. ಸೊನ್ನೆ ಆಯ್ತು. ಯಜಮಾನ್ರ ಮೈಕು ಸರಿಯಿತ್ತು." ಅವನು ತಲೆ ತಗ್ಗಿಸಿದ. "ತಪ್ಪು ನಂದೇ."

"ಹಾಕೋಕೆ ಮುಂಚೆ ಒಂದ್ಸಲ ಟೀವೀಲಿ ಕೇಳಕ್ಕಾಗ್ಲಿಲ್ವಾ? ನಿನ್ ಸೋಮಾರಿತನಕ್ಕೆ ನನ್ ಮರ್ಯಾದೆ ಹೋಯ್ತಲ್ಲೋ!"

ಅವನು ಮಿಷನ್ನಿನ ಹಿಂದೆ ಕೈಹಾಕಿ ಬಲಗಡೆಯ ಪಿನ್ನು ಕಿತ್ತು, ಎಡಗಡೆಯದನ್ನಷ್ಟೇ ಉಳಿಸಿದ. ಮೂಲೆಯಲ್ಲಿದ್ದ ಪರೀಕ್ಷೆಯ ಟೀವಿಯಲ್ಲಿ ಅವಳ ಪ್ರಶ್ನೆ ಖಣಖಣ ಕೇಳಿಸಿತು.

"ಇದನ್ನ ಇವತ್ತೇ ಹಾಕಿ" ಎಂದಳು.

ನಲ್ಲಪ್ಪ ಈಗ ತಲೆಯೆತ್ತಿದ. "ಒಂದ್ಸಲ ಹಾಕಿದ್ದು ಮುಗೀತು. ಚೆನ್ನರಾಯಪ್ಪನವರು ನಮಗೆ ಬೇಕಾದೋರು. ಸುಮ್ನೆ ಹೋಗಮ್ಮ."

ವಜೀರುನ್ನೀಸಾ ಗಕ್ಕನೆ ಅವನತ್ತ ತಿರುಗಿದಳು. "ವಯರು ಉಲ್ಟಾ ಆಗಿದ್ದು ತಪ್ಪು. ಅದನ್ನ ನಂಬ್ತೀನಿ. ನೀವೀಗ ಮಾಡ್ತಿರೋದು ತಪ್ಪಲ್ಲ, ಮೋಸ!"

ಖಲೀಮುಲ್ಲಾ ಇಬ್ಬರನ್ನೂ ನೋಡಿದ. ಊರಿಗೆಲ್ಲ ಮಧ್ಯಾಹ್ನದ ಸಿನಿಮಾ ಹೋಗುತ್ತಿತ್ತು. ಅದರ ವಯರು ಎಳೆದು ಈ ಮಿಷನ್ನಿಗೆ ಚುಚ್ಚಿ, ಕ್ಯಾಸೆಟ್ ಹಿಂದಕ್ಕೆ ಓಡಿಸಿ ಗುಂಡಿ ಒತ್ತಿದ. "ಏಯ್!" ಎಂದು ನಲ್ಲಪ್ಪ ಕುರ್ಚಿ ತಳ್ಳಿ ಬರುವಷ್ಟರಲ್ಲಿ ಎದುರಿನ ಬಟ್ಟೆ ಅಂಗಡಿಯ ಟೀವಿ, ಆಚೆಯ ಹೋಟೆಲಿನ ಟೀವಿ, ಎಲ್ಲ ಒಟ್ಟಿಗೆ ಕೂಗಿದವು: "ನಾವೇನ್ ಮನುಷ್ಯರಲ್ವಾ?"

ನಲ್ಲಪ್ಪ ಅಲ್ಲೇ ಖಲೀಮುಲ್ಲಾನನ್ನು ಕೆಲಸದಿಂದ ತೆಗೆದ. ಫಿಲೇಚರಿನಲ್ಲಿ ಮೂರನೆಯ ದಿನ ಕಕ್ಕಸಿನ ಬೀಗ ತೆಗೆದರು. ನಾಲ್ಕನೆಯ ದಿನ ವಜೀರುನ್ನೀಸಾಳ ಬೇಸಿನ್ ಮುಂದೆ ಬೇರೆಯವಳನ್ನು ಕೂರಿಸಿದರು. "ನಿನ್ನಿಂದ ನಮಗೆ ಒಳ್ಳೇದಾಯ್ತಕ್ಕಾ" ಎಂದು ಆಂಜಿನಮ್ಮ ಗೇಟಿನವರೆಗೂ ಅಳುತ್ತ ಬಂದಳು.

"ಅಳಬೇಡ" ಎಂದಳು ವಜೀರುನ್ನೀಸಾ, ಹಲ್ಲು ಕಚ್ಚಿಕೊಂಡು. "ಒಳಗೆ ಹೋಗಿ, ನನ್ನನ್ನ ಯಾಕೆ ತೆಗೆದ್ರು ಅಂತ ಕೇಳು."