ಗಂಗಾಳದೊಳಗಿನ ಹುಡುಗಿ

ಬೆಂಗೇರಿಯ ಆ ವಠಾರದಲ್ಲಿ ಮಧ್ಯಾಹ್ನವಾಯಿತೆಂದು ತಿಳಿಯಲು ಯಾರೂ ತಲೆಯೆತ್ತಿ ಸೂರ್ಯನನ್ನು ನೋಡಬೇಕಾಗಿರಲಿಲ್ಲ. ಗುಲ್ಜಾರಬಿಯ ಮನೆಯ ಕದ ಮುಚ್ಚಿದರೆ ಮಧ್ಯಾಹ್ನ. ಮೊದಲು ಅಗುಳಿ ಬೀಳುವ ಸದ್ದು, ಆಮೇಲೆ ಕಿಟಕಿಗೆ ಹಳೆಯ ಸೀರೆ ಎಳೆಯುವ ಸದ್ದು, ಅದರ ಬೆನ್ನಿಗೇ ಎರಡು ವರ್ಷ ತುಂಬಲು ಇನ್ನೂ ಮೂರು ತಿಂಗಳಿದ್ದ ಸಿತಾರಾಳ ಚೀರಾಟ.

"ಶುರುವಾತು ನೋಡ್ರಿ, ನಮ್ಮ ಸಿತಾರಾಬಾಯಾರ ಊಟ," ಎಂದು ಎದುರು ಮನೆಯ ಮಾಳವ್ವ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. ಅವಳ ಗಂಡ ಗಂಗಪ್ಪ ರೇಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಅವನಿಗೂ ಅವನ ಜೊತೆಯ ಮೂರು ಮಂದಿಗೂ ಅವಳೇ ರೊಟ್ಟಿ ಕಟ್ಟಿ ಕಳಿಸುತ್ತಿದ್ದಳು. ಹೀಗಾಗಿ ದಿನವೂ ಅರ್ಧ ಹೊತ್ತು ಅವಳ ಅಂಗೈ ಹಿಟ್ಟಿನಲ್ಲೇ ಇರುತ್ತಿತ್ತು.

ಇದು ಮೂವತ್ನಾಲ್ಕನೆಯ ಇಸವಿಯ ಮಾತು. ಗುಲ್ಜಾರಬಿಯ ಗಂಡ ಕಾಸಿಮಸಾಬ ವಠಾರದ ಅಂಗಳದಲ್ಲೇ ತಿದಿಯಿಂದ ಕೆಂಡ ಊದಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಕರಿ ಹಿಡಿದು ಬಂದ ಹಿತ್ತಾಳೆಯ ಪಾತ್ರೆ ಅವನ ಕೈಯಿಂದ ಬೆಳ್ಳಿಯ ಹಾಗೆ ಹೊಳೆಯುತ್ತ ಹೊರಗೆ ಬರುತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ತಾಯಿಯ ಎದುರು ಬಾಯಿ ಬಿಡುವವನಲ್ಲ. ತಾಯಿ ಮದೀನಾಬಿಯ ಎದುರು ವಠಾರದಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲವೆನ್ನಿ.

ಕದ ಮುಚ್ಚಿ ಉಣಿಸುವ ಪದ್ಧತಿಯೂ ಮದೀನಾಬಿಯದೇ. ಸಿತಾರಾ ಒಂದು ವರ್ಷದವಳಿದ್ದಾಗ ಗಬ್ಬೂರಿನ ಒಂದು ಮದುವೆಯಲ್ಲಿ ಬೆಲ್ಲದ ಚೂರು ಚೀಪುತ್ತ ಕುಳಿತಿದ್ದಳು. ಯಾರೋ ಹೆಂಗಸು, "ಅಬ್ಬಬ್ಬಾ, ಎಷ್ಟು ದುಂಡಗ ಅದಾಳ! ಹೆಂಗ ತಿನ್ನಾಕತ್ತಾಳ ನೋಡು!" ಎಂದಳು. ಮರುವಾರವೇ ಮಗುವಿಗೆ ದಡಾರ ಎದ್ದಿತು. ದಡಾರ ಹೋಯಿತು, ಹೋಗುವಾಗ ಕೆನ್ನೆಗಳನ್ನೂ ಒಯ್ದಿತು. ಅಂದಿನಿಂದ ಮದೀನಾಬಿಯ ಕಟ್ಟಪ್ಪಣೆ: ಈ ಮಗು ಉಣ್ಣುವುದು ಪರರ ಕಣ್ಣಿಗೆ ಬೀಳಕೂಡದು.

ಗುಲ್ಜಾರಬಿಗೂ ಅದು ಖರೇ ಅನ್ನಿಸಿತ್ತು. ಕತ್ತಲು ಕೋಣೆಯಲ್ಲಿ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಬಾದಾಮಿ ತೇದ ಹಾಲನ್ನು ಒಳಲೆಯ ಕೊಕ್ಕಿನಿಂದ ಬಾಯಿಗೆ ಬಿಡುತ್ತಿದ್ದಳು. ತಾಸಿಗೊಮ್ಮೆ ಹಾಲು, ನಡುವೆ ತುಪ್ಪದ ಶಿರಾ. ಸಿತಾರಾ ಹಲ್ಲು ಕಚ್ಚಿ ಹಿಡಿಯುತ್ತಿದ್ದಳು. ಹಾಲು ಗಲ್ಲದ ಮೇಲಿಂದ ಕೊರಳಿಗೆ, ಕೊರಳಿನಿಂದ ತಾಯಿಯ ಸೀರೆಗೆ ಇಳಿಯುತ್ತಿತ್ತು. ಕೊನೆಗೆ ಮಗಳೂ ಅಳುತ್ತಿದ್ದಳು, ತಾಯಿಯೂ ಅಳುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಎದುರು ಮನೆಯ ರೊಟ್ಟಿಯ ಸಪ್ಪಳ ಯಾಕೆ ಜೋರಾಗುತ್ತದೆಂದು ಗುಲ್ಜಾರಬಿ ಎಂದೂ ಯೋಚಿಸಿರಲಿಲ್ಲ.

ಒಂದು ಶುಕ್ರವಾರ ಮೊಮ್ಮಗಳಿಗೆ ಎರೆದು ಮೈ ಒರೆಸುತ್ತಿದ್ದ ಮದೀನಾಬಿ ಥಟ್ಟನೆ ನಿಂತಳು. ಮಗುವಿನ ಸೊಂಟಕ್ಕೆ ತಾನೇ ಕಟ್ಟಿದ್ದ ಕರಿ ಉಡದಾರ ಜಾರಿ ತೊಡೆಗೆ ಬಂದಿತ್ತು. ಉಡದಾರ ಬಿಗಿಯಾಗಬೇಕು, ಗಂಟು ಬಿಚ್ಚಿ ಸಡಿಲ ಮಾಡಬೇಕು. ಬೆಳೆಯುವ ಮಗುವಿನ ಲೆಕ್ಕ ಅವಳಿಗೆ ಅದೊಂದೇ. ಇಲ್ಲಿ ಉಲ್ಟಾ ಆಗಿತ್ತು.

"ಗುಲ್ಜಾರ, ಇಲ್ಲಿ ಬಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಗುಲ್ಜಾರಬಿಗೆ ಹೆಚ್ಚು ಹೆದರಿಕೆ ತಂದಿತು. "ನೋಡವ್ವಾ, ನಿನ್ನ ಮ್ಯಾಲ ನನಗೇನೂ ಬ್ಯಾಸರಿಲ್ಲ. ಕೆಲವರ ಕೈಯಾಗ ಬಳ್ಳಿ ಹತ್ತತಾವ, ಕೆಲವರ ಕೈಯಾಗ ಹತ್ತಂಗಿಲ್ಲ. ರಾಯಾಪುರದಾಗ ನನ್ನ ಮಗಳು ಅಬೀದಾನ ನಾಕು ಮಕ್ಕಳು ಹಂಡೇದಂಗ ಅದಾವ. ಆಕಿ ಕೈಗುಣ ಛಲೋ ಐತಿ. ಬಕ್ರೀದಿನ ಚಂದ್ರ ಕಾಣೂತನಕ ನೋಡ್ತೇನಿ. ಈ ದಾರ ಸೊಂಟದ ಮ್ಯಾಲ ನಿಲ್ಲಲಿಲ್ಲಂದ್ರ, ಟಾಂಗಾ ಕರಿಸಿ ಸಿತಾರಾನ್ನ ಅಲ್ಲಿಗೆ ಕಳಿಸೂದ. ಒಂದು ವರ್ಷ ಇರಲಿ."

"ಒಂದು ವರ್ಷ!" ಎಂದಳು ಗುಲ್ಜಾರಬಿ. ಗಂಡನ ಕಡೆ ನೋಡಿದಳು. ಕಾಸಿಮಸಾಬ ಕೈಯಲ್ಲಿದ್ದ ತಂಬಿಗೆಯನ್ನು ಸುಮ್ಮನೆ ಉಜ್ಜುತ್ತಲೇ ಇದ್ದ. ಅದು ಆಗಲೇ ಹೊಳೆಯುತ್ತಿತ್ತು.

ಚಂದ್ರನಿಗೆ ಇನ್ನೊಂದು ತಿಂಗಳಿತ್ತು. ಗುಲ್ಜಾರಬಿ ಹಾಲಿಗೆ ಇನ್ನೆರಡು ಬಾದಾಮಿ ಸೇರಿಸಿದಳು, ಶಿರಾಕ್ಕೆ ಇನ್ನೊಂದು ಚಮಚ ತುಪ್ಪ. ಕದ ಇನ್ನೂ ಬಿಗಿಯಾಗಿ ಮುಚ್ಚಿದಳು. ಒಳಲೆ ಕಂಡರೆ ಸಾಕು, ಸಿತಾರಾ ತೆವಳಿ ಮಂಚದ ಕೆಳಗೆ ಸೇರತೊಡಗಿದಳು. ಕೆಲಸವೆಲ್ಲ ಮುಗಿದ ಮೇಲೆ ಗುಲ್ಜಾರಬಿ ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಎಲ್ಲರ ಕೈಯಂಥವೇ ಕೈ. ಏನು ಕಮ್ಮಿಯಾಗಿದೆ ಇವಕ್ಕೆ?

ಹತ್ತನೆಯ ದಿನ ಒಂದು ಘಟನೆಯಾಯಿತು. ಮದೀನಾಬಿ ದಿನದಂತೆ ಹಿಂದಿನ ಓಣಿಗೆ ಕೌದಿ ಹೊಲಿಯಲು ಹೋಗಿದ್ದಳು. ಮಗುವಿನ ಜೊತೆ ಗುದ್ದಾಡಿ ಸೋತ ಗುಲ್ಜಾರಬಿಗೆ ಗೋಡೆಗೆ ಒರಗಿದಲ್ಲೇ ಜೊಂಪು ಹತ್ತಿತು. ಎಚ್ಚರಾದಾಗ ಕಾಲ ಮೇಲೆ ಮಗು ಇಲ್ಲ, ಮಂಚದ ಕೆಳಗೂ ಇಲ್ಲ. ಅವಸರದಲ್ಲಿ ಅಗುಳಿ ಅರ್ಧಕ್ಕೇ ನಿಂತಿದ್ದ ಕದ ತೆರೆದುಕೊಂಡಿತ್ತು.

ಸೆರಗು ಎಳೆದುಕೊಳ್ಳುತ್ತ ಹೊರಗೆ ಓಡಿ ಬಂದವಳು ಹೊಸ್ತಿಲಲ್ಲೇ ನಿಂತಳು.

ಮಾಳವ್ವನ ಕಟ್ಟೆಯ ಮೇಲೆ ಅವಳ ಮೂರು ಮಕ್ಕಳು ಅಂಗೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಹೆಸರುಕಾಳಿನ ಪಲ್ಯ ಹಿಡಿದು ಕುಳಿತಿದ್ದರು. ಅವರ ನಡುವೆ ಸಿತಾರಾ. ಅವಳ ಮುಂದೆ, ಕಾಸಿಮಸಾಬ ಆ ಬೆಳಗ್ಗೆಯೇ ಕಲಾಯಿ ಹಾಕಿ ಮಾಳವ್ವನಿಗೆ ಒಪ್ಪಿಸಿದ್ದ ಪುಟ್ಟ ಗಂಗಾಳ, ಉಣ್ಣುವ ತಟ್ಟೆ. ಗಂಗಾಳದ ಅಂಚಿನಲ್ಲಿ ಬಿಸಿ ರೊಟ್ಟಿಯ ಮೆತ್ತನೆಯ ತುಣುಕು, ಬೇಳೆಯಲ್ಲಿ ನೆನೆಸಿದ್ದು. ಗಂಗಾಳದ ನಡುವೆ ಸಿತಾರಾಳ ಮುಖ.

ಸಿತಾರಾ ಬಗ್ಗಿ ನೋಡಿದಳು. ಗಂಗಾಳದೊಳಗಿನ ಹುಡುಗಿಯೂ ನೋಡಿದಳು. ಸಿತಾರಾ ಒಂದು ತುಣುಕು ಎತ್ತಿ ಆ ಹುಡುಗಿಯ ಬಾಯಿಗೆ ಒತ್ತಿದಳು. ಅವಳ ಮುಖದ ತುಂಬ ಬೇಳೆಯಾಯಿತು. ಸಿತಾರಾ ಕಿಲಕಿಲ ನಕ್ಕಳು.

"ಆಕಿಗೆ ಹಲ್ಲ ಇಲ್ಲ, ನೀ ಜಗದು ತೋರಸು," ಎಂದಳು ಮಾಳವ್ವನ ಐದು ವರ್ಷದ ಮಗಳು ಹೊಳೆವ್ವ, ಹಿರಿಯರ ಗತ್ತಿನಲ್ಲಿ.

ಸಿತಾರಾ ಅದೇ ತುಣುಕನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ಜಗಿದಳು. ನುಂಗಿದಳು. ಇನ್ನೊಂದಕ್ಕೆ ಕೈ ಹಾಕಿದಳು.

ಗುಲ್ಜಾರಬಿಯ ಮೊದಲ ಯೋಚನೆ, ಓಡಿ ಹೋಗಿ ಸೆರಗು ಮುಚ್ಚಿ ಎತ್ತಿಕೊಂಡು ಬರಬೇಕೆಂದು. ನಾಲ್ಕು ಜನರ ಎಂಟು ಕಣ್ಣು! ಆದರೆ ಮಾಳವ್ವ ಹಿಟ್ಟಿನ ಅಂಗೈ ಎತ್ತಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದಳು. ಗುಲ್ಜಾರಬಿ ನಿಂತಳು. ದಡಾರದ ನಂತರ ತನ್ನ ಮಗಳು ನಗುತ್ತ ಉಣ್ಣುವುದನ್ನು ಅವಳು ನೋಡಿರಲೇ ಇಲ್ಲ. ಕತ್ತಲಲ್ಲಿ ಏನು ಕಾಣುತ್ತದೆ?

ಮಕ್ಕಳು ಎದ್ದು ಹೋದ ಮೇಲೆ ಮಾಳವ್ವ ಹತ್ತಿರ ಬಂದು ಕುಳಿತಳು. "ಸಿಟ್ಟಾದ್ಯೇನ?"

"ಇಲ್ಲಕ್ಕಾ. ಆದ್ರ ನಮ್ಮ ಅಮ್ಮಾಗ ಗೊತ್ತಾದ್ರ ನಾಳೇನ ಟಾಂಗಾ ಬರತೈತಿ."

"ಟಾಂಗಾದ ಮಾತ ಆಮ್ಯಾಲ. ನಾ ಒಂದ ಕೇಳ್ತೇನಿ. ತಾಸಿಗೊಮ್ಮೆ ನಿನಗೂ ಬಾದಾಮಿ ಹಾಲ ಕುಡಿಸಿದ್ರ ನೀ ರೊಟ್ಟಿ ತಿಂತಿಯೇನು? ಹಸಿವಿ ಹುಟ್ಟಾಕ ಜಾಗಾನ ಬಿಟ್ಟಿಲ್ಲ ನೀ. ಮ್ಯಾಲ ಕದಾ ಹಾಕಿ, ಕೈಕಾಲ ಹಿಡದು... ಊಟ ಅಂದ್ರ ಆ ಕೂಸಿಗೆ ಕುಸ್ತಿ ಆಗೈತಿ."

ಗುಲ್ಜಾರಬಿ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. "ನಾ ಅಳೂದೂ ಕೇಳಿರಬೇಕು ನಿನಗ."

"ಕೇಳತಿತ್ತು. ಮಂದಿಗೆ ಕೇಳಬಾರದಂತ ನಾ ರೊಟ್ಟಿ ಜೋರ ಬಡೀತಿದ್ದೆ. ನಿನ್ನ ದೆಸಿಯಿಂದ ಎಷ್ಟ ರೊಟ್ಟಿ ಹರದಾವಂತ ನನ್ನ ಗಂಡನ್ನ ಕೇಳು. 'ಏನಽ, ಇವತ್ತ ಯಾರ ಮ್ಯಾಲ ಸಿಟ್ಟು?' ಅಂತಾನ."

ಮರುದಿನ ಅತ್ತೆ ಕೌದಿಗೆ ಹೋದ ಮೇಲೆ ಗುಲ್ಜಾರಬಿ ಕದದ ಮುಂದೆ ಬಹಳ ಹೊತ್ತು ನಿಂತಳು. ತೆರೆದಿಟ್ಟರೆ ಅತ್ತೆಗೆ ತಿಳಿಯುವ ಭಯ. ಮುಚ್ಚಿದರೆ ಚಂದ್ರ ಕಾಣುವ ದಿನದ ಭಯ. ಅವಳು ಕಿಟಕಿಯ ಸೀರೆಯನ್ನು ಸರ್ರನೆ ಸರಿಸಿ, ಕದವನ್ನು ಗೋಡೆಗೆ ತಾಗುವಷ್ಟು ತೆರೆದಳು.

ಹಾಲು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದಾಯಿತು. ಒಳಲೆ ಗೋಡೆಯ ಮಾಡದಲ್ಲಿ ಕುಳಿತಿತು. ಮಧ್ಯಾಹ್ನ ಕಟ್ಟೆಯ ಮೇಲೆ ಒಂದು ದಿನ ಬೇಳೆ ರೊಟ್ಟಿ, ಒಂದು ದಿನ ಮೆಂತ್ಯೆ ಹಾಕಿದ ಖಿಚಡಿ, ಒಂದು ದಿನ ಮೊಸರಿಗೆ ಪುಡಿ ಮಾಡಿದ ಶೇಂಗಾ. ಸಿತಾರಾ ಗಂಗಾಳದ ಹುಡುಗಿಗೆ ಒಂದು ತುತ್ತು ಕೊಟ್ಟು, ತಾನು ಮೂರು ತಿನ್ನುತ್ತಿದ್ದಳು. ಬೇಡವೆಂದ ದಿನ ಮಾಳವ್ವ, "ಬ್ಯಾಡಾದ್ರ ಬ್ಯಾಡ, ಆಡಹೋಗು," ಎನ್ನುತ್ತಿದ್ದಳು. ಅರ್ಧ ತಾಸಿನಲ್ಲಿ ತಾನೇ ಬಂದು ಗಂಗಾಳ ಬಡಿಯುತ್ತಿದ್ದಳು ಸಿತಾರಾ.

ಗುಲ್ಜಾರಬಿ ಗಂಡನಿಗೆ ಈ ವಿಷಯ ಹೇಳಿರಲಿಲ್ಲ. ಆದರೆ ಒಂದು ಬೆಳಗ್ಗೆ ನೋಡಿದರೆ, ಬೇಳೆಯಿಂದ ಮಬ್ಬಾಗಿದ್ದ ಗಂಗಾಳ ಮತ್ತೆ ಕನ್ನಡಿಯಾಗಿ ಮಾಳವ್ವನ ಕಟ್ಟೆಯ ಮೇಲಿತ್ತು. ಕಾಸಿಮಸಾಬ ತನ್ನ ಕೆಲಸ ಶುರು ಮಾಡುವ ಮೊದಲು ಅದನ್ನು ತಿಕ್ಕಿಟ್ಟು ಏನೂ ತಿಳಿಯದವನಂತೆ ತಿದಿ ಒತ್ತುತ್ತಿದ್ದ. ಆ ದಿನ ಗುಲ್ಜಾರಬಿ ಅವನ ಚಹಾಕ್ಕೆ ಏಲಕ್ಕಿ ಹಾಕಿದಳು.

ಚಂದ್ರ ಕಾಣಲು ಎರಡು ದಿನವಿರುವಾಗ, ಕೌದಿಯ ಮನೆಗೆ ನೆಂಟರು ಬಂದರೆಂದು ಮದೀನಾಬಿ ಬೇಗ ತಿರುಗಿ ಬಂದಳು. ವಠಾರದ ಬಾಗಿಲಲ್ಲಿ ಕಾಲಿಟ್ಟವಳೇ ಕಲ್ಲಾಗಿ ನಿಂತಳು. ಹಾಡಹಗಲು, ಬಟ್ಟಬಯಲು, ನಡುವೆ ಮೊಮ್ಮಗಳು ಮೊಣಕೈವರೆಗೆ ಖಿಚಡಿ ಬಳಿದುಕೊಂಡು ಕುಳಿತಿದ್ದಾಳೆ!

"ಗುಲ್ಜಾರ!"

ರೊಟ್ಟಿಯ ಸಪ್ಪಳ ನಿಂತಿತು. ತಿದಿಯೂ ನಿಂತಿತು. ಗುಲ್ಜಾರಬಿ ಎದ್ದು ಬಂದು ಅತ್ತೆಯ ಎದುರು ನಿಂತಳು. "ಅಮ್ಮಾ, ಹದಿನೆಂಟು ದಿನಾ ಆತು, ನಾನ ಕದಾ ತಗದೇನಿ. ತಪ್ಪು ನಂದು. ಬೈಯೂದಿದ್ರ ಆಮ್ಯಾಲ ಬೈರಿ. ಮೊದಲ ಆಕಿ ಉಣ್ಣೂದನ್ನ ಒಮ್ಮೆ ನೋಡ್ರಿ."

ನೋಡುವ ಮಾತು ಬೇಕಾಗಲೇ ಇಲ್ಲ. ಅಜ್ಜಿಯ ದನಿ ಕೇಳಿದ ಸಿತಾರಾ ಮುಷ್ಟಿ ತುಂಬ ಖಿಚಡಿ ಹಿಡಿದು, ತಟ್ಟಾಡುತ್ತ ಅಂಗಳ ದಾಟಿ ಬಂದು, ಮದೀನಾಬಿಯ ಸೀರೆಯ ನಿರಿಗೆ ಹಿಡಿದು ಜಗ್ಗಿದಳು. ಮುದುಕಿ ಬಗ್ಗಲೇಬೇಕಾಯಿತು.

"ಆ," ಎಂದಳು ಸಿತಾರಾ, ಮುಷ್ಟಿ ಮೇಲೆತ್ತಿ.

"ಬಾಯಿ ತಗೀರಿ ಚಾಚಿ," ಎಂದು ಹೊಳೆವ್ವ ಕೂಗಿದಳು, "ಇಲ್ಲಾಂದ್ರ ಮೂಗಿನ್ಯಾಗ ತುರುಕತಾಳ ಆಕಿ!"

ಮದೀನಾಬಿ ಬಾಯಿ ತೆರೆದಳು. ಗಂಡ ತೀರಿಕೊಂಡು, ಮಗಳು ಮದುವೆಯಾಗಿ ಹೋದ ಮೇಲೆ ಅವಳ ಬಾಯಿಗೆ ಯಾರು ತುತ್ತಿಟ್ಟಿದ್ದರು? ಅಳಿದುಳಿದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಜಗಿದಳು. ಮೊಮ್ಮಗಳು ಬಿಡದೆ ಬಾಯನ್ನೇ ನೋಡುತ್ತಿದ್ದಳು, ನುಂಗಿದಳೋ ಇಲ್ಲವೋ ಎಂದು.

"ಉಪ್ಪು ಕಮ್ಮಿ ಆಗೈತಿ," ಎಂದಳು ಮದೀನಾಬಿ ಕೊನೆಗೆ.

ಆಮೇಲೆ ಅಲ್ಲೇ ನೆಲಕ್ಕೆ ಕುಳಿತು ಮಗುವಿನ ಅಂಗಿ ಎತ್ತಿದಳು. ಉಡದಾರ ಸೊಂಟದ ಮೇಲೆ ನೆಟ್ಟಗೆ ನಿಂತಿತ್ತು. ಬೆರಳು ತೂರಿಸಲು ನೋಡಿದಳು, ಕಿರಿಬೆರಳೂ ಹೋಗಲಿಲ್ಲ.

"ಈಗ ಉಂಡ ಹೊಟ್ಟಿ ಚಾಚಿ, ಮುಂಜಾನೆ ಒಂದೀಟು ಸಡಲ ಇರತೈತಿ," ಎಂದಳು ಮಾಳವ್ವ, ಸುಳ್ಳು ಹೇಳಲಾರದೆ.

"ಉಂಡ ಹೊಟ್ಟೀನ ನನಗ ನೋಡಬೇಕಾಗಿತ್ತು, ಮಾಳವ್ವಾ," ಎಂದು ಮದೀನಾಬಿ ಗಂಟು ಬಿಚ್ಚಿ, ದಾರವನ್ನು ಒಂದು ಬೆರಳಿನಷ್ಟು ಸಡಿಲ ಬಿಟ್ಟು ಮತ್ತೆ ಕಟ್ಟಿದಳು.

ಆದರೂ ಕಣ್ಣಿನ ಭಯ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಒಳಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದಳು. ಸಿತಾರಾಳ ಪಕ್ಕಕ್ಕೆ ಮಾಳವ್ವನ ಮೂರೂ ಮಕ್ಕಳನ್ನು ಸಾಲಾಗಿ ಕೂರಿಸಿದಳು. "ಒಂದರದಷ್ಟ ದೃಷ್ಟಿ ತಗದ್ರ ಉಳದ ಮೂರಕ್ಕ ಹತ್ತತೈತಿ," ಎಂದು ನಾಲ್ಕೂ ತಲೆಗಳನ್ನು ಒಟ್ಟಿಗೇ ನಿವಾಳಿಸಿ, ಕಾಸಿಮಸಾಬನ ಕೆಂಡಕ್ಕೆ ಎಸೆದಳು. ಇಡೀ ವಠಾರ ಕೆಮ್ಮಿತು, ಕೆಮ್ಮುತ್ತಲೇ ನಕ್ಕಿತು.

ಚಂದ್ರ ಕಂಡ ಮರುದಿನ ಟಾಂಗಾ ಬಂದೇ ಬಂತು. ಬೇಡವೆಂದು ಹೇಳಿ ಕಳಿಸಲು ಮದೀನಾಬಿ ಮರೆತಿದ್ದಳು. ಅದರಿಂದ ಅಬೀದಾ ಇಳಿದಳು, ಅವಳ ಹಿಂದೆ ಹಂಡೆಯಂಥ ನಾಲ್ಕು ಮಕ್ಕಳು ಉರುಳಿದರು. ಕೈಗುಣದ ಮಾತು ಕೇಳಿ ಅಬೀದಾ ಹೊಟ್ಟೆ ಹಿಡಿದು ನಕ್ಕಳು.

"ನನ್ನ ಕೈಯಾಗ ಏನ ಗುಣ ಐತಿ ಅಮ್ಮಾ? ಬುಟ್ಟಿ ನಡುವ ಇಡತೇನಿ. ನಾಕೂ ಕಸಗೊಂಡು ತಿಂತಾವ. ನನಗ ಒಂದ ರೊಟ್ಟಿ ಉಳಿದ್ರ ನನ್ನ ಪುಣ್ಯ."

ಆ ಮಧ್ಯಾಹ್ನ ಕಟ್ಟೆಯ ಮೇಲೆ ಎಂಟು ಮಕ್ಕಳು ಕುಳಿತರು. ಸಿತಾರಾ ತನ್ನ ಗಂಗಾಳ ಯಾರಿಗೂ ಕೊಡಲಿಲ್ಲ.

ಗುಲ್ಜಾರಬಿ ಅದನ್ನು ನೋಡುತ್ತ ಹೊಸ್ತಿಲಲ್ಲಿ ಕುಳಿತಿದ್ದಳು. ಹಿಂದಿನಿಂದ ಯಾರೋ ಅವಳ ಸೆರಗು ಸರಿಸಿದರು. ಮದೀನಾಬಿ ಮಾಡದಿಂದ ಒಳಲೆ ತೆಗೆದು, ಅದರ ತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡು ಬಂದಿದ್ದಳು.

"ತಿಂಗಳಾತು, ತಲಿಗೆ ಎಣ್ಣಿ ಕಂಡಿಲ್ಲ ನೀ," ಎಂದು ಬೈಯುತ್ತ, ಒಳಲೆಯ ಕೊಕ್ಕನ್ನು ಸೊಸೆಯ ನೆತ್ತಿಗೆ ಹಿಡಿದಳು. "ಅಲ್ಲಾಡಬ್ಯಾಡ. ನೀನೂ ನಿನ್ನ ಮಗಳಂಗ ಮಾಡಬ್ಯಾಡ."