ಬೇವಿಗೆ ಕಟ್ಟಿದ ಬಟ್ಟೆ

ಗುರುವಾರ ಮಧ್ಯಾಹ್ನ ಭಾಲ್ಕಿಯ ಹೊಲಕ್ಕೆ ಹೋದಾಗ ನನ್ನ ತಮ್ಮ ಹಾವಗೆಪ್ಪನ ಜೇನುಪೆಟ್ಟಿಗೆಗಳ ಮುಂದೆ ನೆಲ ಕಪ್ಪಾಗಿತ್ತು. ಎಲ್ಲ ಸತ್ತ ಹುಳುಗಳು. ಹಿಂದಿನ ದಿನವಷ್ಟೇ ಆ ಹನ್ನೆರಡು ಪೆಟ್ಟಿಗೆಗಳ ಧೂಳು ಒರೆಸಿ ಬಂದಿದ್ದೆ.

ತಮ್ಮ ಲಿಂಗೈಕ್ಯನಾಗಿ ತಿಂಗಳಾಗಿರಲಿಲ್ಲ. ಜೇನು ಸಾಕುವುದೇ ಅವನ ಉದ್ಯೋಗ. ತೊಗರಿ ಹೂವಿಗೆ ಭಾಲ್ಕಿ, ಕುಸುಬೆ ಹೂವಿಗೆ ಔರಾದ, ಜೇನುತುಪ್ಪ ಮಾರಲು ಬೀದರ. ಅವನ ಮಗಳು ವಿಜಯಶ್ರೀ ಅದನ್ನೇ ಮುಂದುವರಿಸುವೆನೆಂದಿದ್ದಳು. ಬೀದರದಲ್ಲಿ ಅವಳ ಪರೀಕ್ಷೆ ಮುಗಿಯುವವರೆಗೆ ಪೆಟ್ಟಿಗೆ ಕಾಯುವುದು ನನ್ನ ಪಾಲಿಗೆ ಬಂದಿತ್ತು.

ಪಕ್ಕದ ಹೊಲದ ಬಕ್ಕಪ್ಪನ ತೊಗರಿಯಿಂದ ಕೀಟದ ಔಷಧದ ವಾಸನೆ ಬರುತ್ತಿತ್ತು. ಐದು ಸಲ ಹೊಡೆಯುತ್ತಿದ್ದವನು ತಮ್ಮನ ಮಾತಿಗೆ ಎರಡಕ್ಕೆ ಇಳಿಸಿದ್ದ. ಈಗ ಹೇಳುವವರಿಲ್ಲವಲ್ಲ. ಹಿಂದಿನ ಸಂಜೆ ಅವನು ಬದುವಿನಲ್ಲಿ ನಿಂತು ನಮ್ಮ ಕಡೆ ನೋಡಿದ್ದ. ನಾನು ತಿರುಗಿದೊಡನೆ ಹೊರಟುಹೋಗಿದ್ದ. ತಮ್ಮನ ಮಣ್ಣಿಗೆ ಬಂದ ದಿನವೂ ಪೆಟ್ಟಿಗೆ ಯಾರು ನೋಡಿಕೊಳ್ಳುತ್ತಾರೆಂದು ಕೇಳಿದ್ದ. ಅಂದು ಅವನು ಅತ್ತದ್ದೂ ಸುಳ್ಳೆನಿಸಿತು.

ಅವನ ಮನೆಗೇ ಹೋದೆ.

"ಔಷಧ ಹೊಡಿಯೋದು ಹೇಳಬಾರದೇನೋ ಬಕ್ಕಪ್ಪಾ?"

ಅವನು ಚಹದ ಬಸಿ ಕೆಳಗಿಟ್ಟ. "ಹೇಳಿದ್ದೆನಲ್ರಿ ಅಕ್ಕಾರ."

"ಯಾರಿಗಿ? ನಿನ್ನ ಎಮ್ಮಿಗೇನು?"

"ಬದುವಿನ ಬೇವಿಗಿ ಬಿಳಿ ಅರಿವಿ ಕಟ್ಟಿದ್ನಿ. ಹೊಲದಾಗ ಫೋನ್ ಹತ್ತಂಗಿಲ್ಲ, ಅದಕ್ಕ ನಮ್ಮಿಬ್ಬರದು ಆರು ವರ್ಷದಿಂದ ಇದೇ ಪದ್ಧತಿರಿ. ನಾ ಕಟ್ಟೋದು, ಹಾವಗೆಪ್ಪ ಬಿಚ್ಚೋದು. ಬಿಚ್ಚಿದಾ ಅಂದ್ರ ಸಂಜಿಗಿ ಹುಳ ಒಳಗ ಬಂದ ಮ್ಯಾಲ ಪೆಟಗಿ ಬಾಗಲ ಮುಚ್ತಾನ, ಮುಂಜಾನಿ ನಾ ಹೊಡಿಬೇಕು. ನಿನ್ನಿ ಸಂಜಿ ಬಂದು ನೋಡಿದ್ನಿ, ಅರಿವಿ ಇದ್ದಿಲ್ಲ. ನಿಮಗ ಅಂವ ಹೇಳಿರಬೇಕು ಅಂದ್ಕೊಂಡ್ನಿ."

ಆಗಲೂ ನಂಬಲಿಲ್ಲ. "ಅರಿವಿಗಿ ಗುರ್ತೇನು?"

"ಒಂದು ಮೂಲ್ಯಾಗ ಮೂರು ಗಂಟ. ಅಂವನೇ ಹಾಕಿದ್ದರಿ, ಗಾಳಿಗಿ ಹಾರಿ ಬಂದದ್ದಲ್ಲ ಅಂತ ತಿಳೀಲಿ ಅಂತ."

ಒರೆಸಲು ಒಳ್ಳೆಯ ಬಟ್ಟೆ ಎಂದು ಹಿಂದಿನ ದಿನ ಅದನ್ನು ಬೇವಿನಿಂದ ಬಿಚ್ಚಿಕೊಂಡವಳು ನಾನೇ. ಪೆಟ್ಟಿಗೆ ಒರೆಸುವಾಗ ಆ ಗಂಟುಗಳು ಬೆರಳಿಗೆ ತಾಗಿದ್ದವು.

"ಬಿಚ್ಚಿದವಳು ನಾನು," ಎಂದೆ.

ಅವನು ನನ್ನೊಡನೆ ಹೊಲಕ್ಕೆ ಬಂದ. ಒಂದೊಂದೇ ಪೆಟ್ಟಿಗೆಗೆ ಕಿವಿಯಿಟ್ಟ.

"ಎರಡು ಉಳದಾವ್ರಿ. ಕುಸುಬಿ ಹೂ ಬಿಡೋದ್ರಾಗ ಬಲಿತಾವ. ಔರಾದಕ್ಕ ನಾನೇ ಮುಟ್ಟಿಸ್ತೇನಿ. ವಿಜಯಶ್ರೀಗಿ ಅರಿವಿ ಪದ್ಧತಿ ನೀವೇ ಹೇಳ್ರಿ."

ಬಟ್ಟೆಯನ್ನು ಒಗೆದು ಅವನ ಕೈಗೆ ಕೊಟ್ಟೆ. ವಿಭೂತಿ ಹಚ್ಚಿಕೊಂಡು ಬೇವಿನ ಕೆಳಗೆ ಕುಳಿತೆ.

ಶಿವನೇ, ಸಲ್ಲದ ಅನುಮಾನ ಪಟ್ಟವಳು ನಾನು, ಅದರ ಭಾರ ನನ್ನ ಮೇಲಿರಲಿ. ನನ್ನ ತಮ್ಮ ಹಾವಗೆಪ್ಪನಿಗೆ ನಿನ್ನ ಪಾದದಲ್ಲಿ ಶಾಂತಿ ಕೊಡು.